ಕಂಪ್ಯೂಟರ್ ಪತ್ರಿಕೆಗಳು: ಅಚ್ಚಿನಿಂದ ಪರದೆಗೆ

ಸ್ವಂತ ಕಂಪ್ಯೂಟರ್ ಇರುವವರ ಪತ್ರಿಕೆಯ ಆಯುಸ್ಸು ಸುಮಾರು ಐವತ್ತು ವರ್ಷ. ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ತನ್ನ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಪೆಟ್ಟಿಗೆಯ ಚಿತ್ರ ಹಾಕಿತು. ಬಿಡಿಭಾಗಗಳನ್ನು ತರಿಸಿಕೊಂಡು ಮನೆಯಲ್ಲೇ ಕೂಡಿಸಿಕೊಳ್ಳಬಹುದಾದ ಕಂಪ್ಯೂಟರ್ ಅದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಬೈಟ್’ ಹೊರಬಂತು. 1976ರ ಜನವರಿಯಲ್ಲಿ ‘ಡಾಕ್ಟರ್ ಡಾಬ್ಸ್ ಜರ್ನಲ್’. ಅಲ್ಲಿಯವರೆಗೆ ಕಂಪ್ಯೂಟರ್ ಎಂದರೆ ಸರ್ಕಾರ, ವಿಶ್ವವಿದ್ಯಾಲಯ, ದೊಡ್ಡ ಕಂಪನಿಗಳ ಸೊತ್ತು. ಅದನ್ನು ಸ್ವಂತಕ್ಕೆ ಕೊಂಡ ಮೊದಲ ತಲೆಮಾರಿಗೆ ಪಾಠ ಹೇಳುವ ಶಾಲೆ ಇರಲಿಲ್ಲ, ಪಠ್ಯಪುಸ್ತಕವೂ ಇರಲಿಲ್ಲ. ಪತ್ರಿಕೆಯೇ ಅವೆರಡೂ ಆಯಿತು.

ಆ ಕಾಲದ ಸಂಚಿಕೆಗಳಲ್ಲಿ ಪುಟಗಟ್ಟಲೆ ಪ್ರೋಗ್ರಾಮುಗಳು ಅಚ್ಚಾಗುತ್ತಿದ್ದವು. ಓದುಗರು ಅವನ್ನು ಸಾಲು ಸಾಲಾಗಿ ನೋಡಿ ಟೈಪ್ ಮಾಡಿ, ಎಲ್ಲೋ ಒಂದು ಅಲ್ಪವಿರಾಮ ಬಿಟ್ಟುಹೋದದ್ದಕ್ಕೆ ಇಡೀ ಪ್ರೋಗ್ರಾಮು ನಿಂತುಹೋದಾಗ ಮತ್ತೆ ಮೊದಲಿನಿಂದ ತಾಳೆ ನೋಡುತ್ತಿದ್ದರು. ಪ್ರೋಗ್ರಾಮಿಂಗ್ ಕಲಿತ ಒಂದು ಪೀಳಿಗೆ ಹೀಗೆಯೇ ಕಲಿತದ್ದು. ಮುಂದೆ ಐಬಿಎಂ ಪಿಸಿ ಬಂದು ವ್ಯಾಪಾರ ಬೆಳೆದಾಗ ಪತ್ರಿಕೆಗಳೂ ದಪ್ಪವಾದವು. 1980ರ ದಶಕದಲ್ಲಿ ನೂರಾರು ಪುಟಗಳ ಸಂಚಿಕೆ ಸಾಮಾನ್ಯವಾಗಿತ್ತು. ಅದರಲ್ಲಿ ಅರ್ಧಕ್ಕೂ ಮಿಕ್ಕಿ ಜಾಹೀರಾತು. ಆ ಜಾಹೀರಾತುಗಳು ಅಂತರಜಾಲಕ್ಕೆ ಹೋದದ್ದೇ ಪತ್ರಿಕೆಗಳು ಸೊರಗಲು ಮುಖ್ಯ ಕಾರಣ. ‘ಬೈಟ್’ 1998ರ ಜುಲೈಗೆ ಅಚ್ಚು ನಿಲ್ಲಿಸಿತು. ‘ಪಿಸಿ ಮ್ಯಾಗಜೀನ್’ 2009ರಲ್ಲಿ ಡಿಜಿಟಲ್ ರೂಪಕ್ಕೆ ಮಾತ್ರ ಸೀಮಿತವಾಯಿತು. ‘ಪಿಸಿ ವರ್ಲ್ಡ್’ನ ಅಮೆರಿಕದ ಅಚ್ಚಿನ ಆವೃತ್ತಿ 2013ರಲ್ಲಿ ಮುಗಿಯಿತು. 2023ರಲ್ಲಿ ‘ಮ್ಯಾಕ್ಸಿಮಮ್ ಪಿಸಿ’, ‘ಮ್ಯಾಕ್ ಲೈಫ್’ ಎರಡೂ ಕಾಗದ ಬಿಟ್ಟ ಮೇಲೆ ಆ ದೇಶದಲ್ಲಿ ಅಚ್ಚಿನ ಕಂಪ್ಯೂಟರ್ ಪತ್ರಿಕೆಗಳ ಕಾಲ ಹೆಚ್ಚುಕಡಿಮೆ ಮುಗಿದಂತೆಯೇ ಆಯಿತು.

ಭಾರತದಲ್ಲಿ ಈ ಕಥೆ ಎಲೆಕ್ಟ್ರಾನಿಕ್ಸಿನಿಂದ ಆರಂಭವಾಗುತ್ತದೆ. ದೆಹಲಿಯ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ 1969ರಲ್ಲಿ ಶುರುವಾಯಿತು; ರೇಡಿಯೋ ರಿಪೇರಿಯವರಿಂದ ಹಿಡಿದು ಇಂಜಿನಿಯರಿಂಗ್ ವಿದ್ಯಾರ್ಥಿಗಳವರೆಗೆ ಎಲ್ಲರೂ ಅದರ ಸರ್ಕ್ಯೂಟುಗಳನ್ನು ಕೂಡಿಸಿ ನೋಡುತ್ತಿದ್ದರು. ಕಂಪ್ಯೂಟರ್ ಉದ್ಯಮಕ್ಕೆಂದೇ ‘ಡೇಟಾಕ್ವೆಸ್ಟ್’ ಬಂದದ್ದು 1982ರ ಕೊನೆಗೆ. ಆಗ ದೇಶದಲ್ಲಿ ಕಂಪ್ಯೂಟರ್ ಕೊಳ್ಳುವುದು ಬ್ಯಾಂಕು, ಕಾರ್ಖಾನೆಗಳಿಗಷ್ಟೇ ಸಾಧ್ಯವಿದ್ದ ಮಾತು. ಆಮದು ಸುಂಕ ವಿಪರೀತ. 1984ರ ನವೆಂಬರಿನಲ್ಲಿ ಕೇಂದ್ರದ ಹೊಸ ಕಂಪ್ಯೂಟರ್ ನೀತಿ ಬಂದು ಆಮದು ಸಡಿಲವಾಯಿತು. 1984–85ರಲ್ಲೇ ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಡುವ ‘ಕ್ಲಾಸ್’ ಯೋಜನೆ ಶುರುವಾಯಿತು. ಬೆಂಗಳೂರಿಗೆ 1983ರಲ್ಲಿ ಇನ್ಫೋಸಿಸ್, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದವು. ಈ ಹೊಸ ಓದುಗರಿಗಾಗಿ 1987ರಲ್ಲಿ ‘ಪಿಸಿ ಕ್ವೆಸ್ಟ್’ ಹೊರಟಿತು. 2001ರಲ್ಲಿ ಮುಂಬೈಯಿಂದ ‘ಡಿಜಿಟ್’, 2003ರಲ್ಲಿ ‘ಲಿನಕ್ಸ್ ಫಾರ್ ಯು’ ಸೇರಿಕೊಂಡವು. ಕೊನೆಯದು 2012ರಲ್ಲಿ ‘ಓಪನ್ ಸೋರ್ಸ್ ಫಾರ್ ಯು’ ಎಂದು ಹೆಸರು ಬದಲಿಸಿಕೊಂಡಿತು.

ಬೆಂಗಳೂರಿನಲ್ಲಿದ್ದವರಿಗೆ ಈ ಪತ್ರಿಕೆಗಳು ಒಂದು ಅನುಕೂಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನಂಥ ಊರುಗಳಲ್ಲಿದ್ದವರಿಗೆ ಅವು ಹೊರಗಿನ ಜಗತ್ತಿಗೆ ಇದ್ದ ಏಕೈಕ ದಾರಿ. ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಅದು ಸಿಕ್ಕಿದ್ದು ಮಹಾನಗರಗಳಿಗೆ. ಜಿಲ್ಲಾ ಊರುಗಳಿಂದ ಸಂಪರ್ಕ ಸಾಧಿಸಬೇಕೆಂದರೆ ಎಸ್‌ಟಿಡಿ ಕರೆಯ ಖರ್ಚು ಬೇರೆ. ಆಗಿನ ಮೋಡೆಮಿನ ವೇಗ ಸೆಕೆಂಡಿಗೆ 28.8 ಕಿಲೋಬಿಟ್. ಆ ವೇಗದಲ್ಲಿ ಒಂದು ಸಿಡಿಯಷ್ಟು, ಅಂದರೆ 650 ಮೆಗಾಬೈಟಿನಷ್ಟು, ತಂತ್ರಾಂಶ ಇಳಿಸಿಕೊಳ್ಳಲು ಲೈನು ಒಮ್ಮೆಯೂ ಕಡಿಯದಿದ್ದರೆ ಸುಮಾರು 50 ಗಂಟೆ ಬೇಕು. ಎರಡು ದಿನ, ಎರಡು ರಾತ್ರಿ. ಅದೇ ತಂತ್ರಾಂಶ ಪತ್ರಿಕೆಯೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಅಂಟಿಕೊಂಡು ಟಪಾಲಿನಲ್ಲಿ ಬರುತ್ತಿತ್ತು.

ಹಾಗಾಗಿ ಪತ್ರಿಕೆ ಜೊತೆಗಿನ ಸಿಡಿಗೆ ಭಾರತದಲ್ಲಿ ದೊಡ್ಡ ಸ್ಥಾನವಿದೆ. 1996ರಲ್ಲಿ ‘ಪಿಸಿ ಕ್ವೆಸ್ಟ್’ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಸಿಡಿಯಲ್ಲಿ ಹಾಕಿ ಓದುಗರಿಗೆ ಹಂಚಲು ಆರಂಭಿಸಿತು. ಇದರ ಹಿಂದೆ ನಿಂತವರು ಬೆಂಗಳೂರಿನ ಅತುಲ್ ಚಿಟ್ನಿಸ್. 1989ರಿಂದಲೇ ಅವರು ಸಿಐಎಕ್ಸ್ ಎಂಬ ಬುಲೆಟಿನ್ ಬೋರ್ಡ್ ನಡೆಸುತ್ತಿದ್ದರು. ಟೆಲಿಫೋನ್ ಲೈನಿನ ಮೂಲಕ ಸಂದೇಶ, ಕಡತಗಳನ್ನು ಹಂಚಿಕೊಳ್ಳುವ, ಇಂಟರ್‌ನೆಟ್ಟಿಗೆ ಮುಂಚಿನ ಏರ್ಪಾಡು ಅದು. ಪತ್ರಿಕೆಯಲ್ಲಿ ಅವರು ಬರೆಯುತ್ತಿದ್ದ ಲೇಖನಗಳು, ಸಿಡಿಗಳು, ಆಮೇಲೆ 2001ರಲ್ಲಿ ಶುರುವಾದ ‘ಲಿನಕ್ಸ್ ಬೆಂಗಳೂರು’ ಸಮಾವೇಶ ಇವೆಲ್ಲ ಒಂದೇ ಎಳೆಯವು. 2005ರಲ್ಲಿ ಸಮಾವೇಶ ‘ಫಾಸ್ ಡಾಟ್ ಇನ್’ ಎಂದಾಯಿತು. ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ದೇಶದಲ್ಲಿ ಮುಕ್ತ ತಂತ್ರಾಂಶ ಹೇಗೆ ಹರಡಿತೆಂದು ಬರೆಯಹೊರಟವರು ಆ ಸಂಚಿಕೆಗಳನ್ನೂ ಅವುಗಳ ಸಿಡಿಗಳನ್ನೂ ಬಿಟ್ಟು ಬರೆಯಲಾರರು.

ಕನ್ನಡದಲ್ಲಿ ಸ್ಥಿತಿ ಬೇರೆ. ಇಲ್ಲಿ ವಿಜ್ಞಾನ ಪತ್ರಿಕೋದ್ಯಮಕ್ಕೆ ಶತಮಾನದ ಹಿನ್ನೆಲೆಯಿದೆ. 1910ರ ದಶಕದ ಕೊನೆಯಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರತಂದರು. ಅದು ಹೆಚ್ಚು ಕಾಲ ಬಾಳಲಿಲ್ಲ, ಆದರೆ ಕನ್ನಡದಲ್ಲಿ ವಿಜ್ಞಾನವನ್ನು ನೇರವಾಗಿ ಬರೆಯಬಹುದೆಂದು ತೋರಿಸಿಕೊಟ್ಟಿತು. ಮುಂದೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಹಳ್ಳಿ ಶಾಲೆಗಳವರೆಗೆ ಹೋಯಿತು. ಹುಬ್ಬಳ್ಳಿಯ ‘ಕಸ್ತೂರಿ’, ಬೆಂಗಳೂರಿನ ‘ಸುಧಾ’ ಸಾಮಾನ್ಯ ಓದುಗರಿಗೆ ವಿಜ್ಞಾನ ಬಡಿಸುತ್ತ ಬಂದವು. ಕಂಪ್ಯೂಟರ್ ಬರವಣಿಗೆ ಬಹುಪಾಲು ಬೆಳೆದದ್ದು ಇಂಥ ಪತ್ರಿಕೆಗಳ ಮತ್ತು ದಿನಪತ್ರಿಕೆಗಳ ಅಂಕಣಗಳಲ್ಲಿ. ಯು.ಬಿ. ಪವನಜ ಅವರ ‘ಗಣಕಿಂಡಿ’, ‘ಗ್ಯಾಜೆಟ್ ಲೋಕ’ ಅಂಕಣಗಳನ್ನು ಕತ್ತರಿಸಿ ಇಟ್ಟುಕೊಂಡ ಓದುಗರು ಇಂದಿಗೂ ಇದ್ದಾರೆ.

ಗಮನಿಸಬೇಕಾದ ಸಂಗತಿಯೆಂದರೆ, ಕನ್ನಡದ ಕಂಪ್ಯೂಟರ್ ಬರವಣಿಗೆ ಅಚ್ಚಿನಲ್ಲಿ ನೆಲೆಯೂರುವ ಮೊದಲೇ ಪರದೆಗೆ ಹೋಯಿತು. ಪವನಜ ಅವರೇ 1996ರ ಡಿಸೆಂಬರಿನಲ್ಲಿ ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆ ಆರಂಭಿಸಿದರು. ಕನ್ನಡದ ಮೊತ್ತಮೊದಲ ಅಂತರಜಾಲ ಪತ್ರಿಕೆ ಅದು. 2007ರಲ್ಲಿ ಟಿ.ಜಿ. ಶ್ರೀನಿಧಿ ಅವರ ‘ಇಜ್ಞಾನ’ ಬಂತು. 2011ರಲ್ಲಿ ‘ಸಂಚಯ’ ತಂಡ ‘ಅರಿವಿನ ಅಲೆಗಳು’ ಎಂಬ ಹೆಸರಿನಲ್ಲಿ ಮುಕ್ತ ತಂತ್ರಾಂಶದ ಬಗ್ಗೆ ಹಲವರ ಲೇಖನಗಳನ್ನು ಡಿಜಿಟಲ್ ಸಂಕಲನವಾಗಿ ಕೊಟ್ಟಿತು. ಇವುಗಳಲ್ಲಿ ಬಹಳಷ್ಟಕ್ಕೆ ಕಾಗದದ ಪ್ರತಿಯೇ ಇಲ್ಲ. ಇಂಗ್ಲಿಷ್ ಪತ್ರಿಕೆಗಳ ವಿಷಯದಲ್ಲಿ ಡಿಜಿಟಲ್ ಎಂದರೆ ಕಾಗದದ ನಕಲು. ಇಲ್ಲಿ ಡಿಜಿಟಲ್ಲೇ ಮೂಲ. ಅದು ಅಳಿಸಿಹೋದರೆ ಮತ್ತೆಲ್ಲೂ ಸಿಗುವುದಿಲ್ಲ.

ಅಳಿಸಿಹೋಗುವುದಕ್ಕೆ ಸರ್ವರ್ ಕೆಡಬೇಕೆಂದೇನೂ ಇಲ್ಲ. ಕನ್ನಡದಲ್ಲಿ ಕಡತ ಕೈಯಲ್ಲಿದ್ದೂ ಓದಲಾಗದ ಸ್ಥಿತಿ ಬಹಳ ಕಾಲದಿಂದ ಇದೆ. ಅದರ ಕಾರಣ ತಿಳಿಯಲು ಕನ್ನಡ ಲಿಪಿ ಕಂಪ್ಯೂಟರಿಗೆ ಇಳಿದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್, ಕನ್ನಡದ ಮೂಲಾಕ್ಷರಗಳನ್ನು ಉಚ್ಚಾರಣೆಗೆ ಹೊಂದುವಂತೆ ಇಂಗ್ಲಿಷ್ ಕೀಲಿಗಳ ಮೇಲೆ ಜೋಡಿಸಿದರು. ವ್ಯಂಜನ, ಸ್ವರ, ಒತ್ತು ಇವನ್ನು ಬಿಡಿಸಿ ಯೋಚಿಸಿದ ಈ ವಿನ್ಯಾಸಕ್ಕೆ ಕೆಲವೇ ಕೀಲಿಗಳು ಸಾಕಾದವು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರಿಟ್ಟು ಅದರ ತಂತ್ರಾಂಶವನ್ನು ಅವರು ಉಚಿತವಾಗಿ ಹಂಚಿದರು. ಇಂದು ಕರ್ನಾಟಕದ ಕಚೇರಿಗಳಲ್ಲಿ ಬಳಕೆಯಲ್ಲಿರುವ ಕೀಲಿಮಣೆಗೆ ಅದೇ ತಳಹದಿ. ಆದರೆ ಟೈಪ್ ಮಾಡಿದ ಅಕ್ಷರ ಕಂಪ್ಯೂಟರಿನೊಳಗೆ ಯಾವ ಸಂಖ್ಯೆಯಾಗಿ ಕೂರಬೇಕೆಂಬುದು ಬೇರೆಯೇ ಪ್ರಶ್ನೆ. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಇಸ್ಕಿ ಎಂಬ ಸಂಕೇತ ಪದ್ಧತಿಯನ್ನು ನಿಗದಿ ಮಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ ಜಾಗವಿತ್ತು. ಮಾರುಕಟ್ಟೆ ಮಾತ್ರ ಎರಡನ್ನೂ ಕಾಯಲಿಲ್ಲ. ಪುಟ ವಿನ್ಯಾಸದ ತಂತ್ರಾಂಶ ಮಾಡಿದವರು, ಪತ್ರಿಕಾ ಸಂಸ್ಥೆಗಳು, ಮುದ್ರಣಾಲಯಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ಚೂರುಗಳನ್ನು ತುಂಬಿದ ಫಾಂಟುಗಳನ್ನು ತಂತಮ್ಮ ಲೆಕ್ಕದಂತೆ ಮಾಡಿಕೊಂಡರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಕೆಲ ವರ್ಷಗಳ ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಕನ್ನಡದಲ್ಲಿ ಬರೆಯುವುದನ್ನು ಸಾಮಾನ್ಯರಿಗೂ ಸುಲಭ ಮಾಡಿದವು. ಇವುಗಳಿಲ್ಲದೆ ಕನ್ನಡ ಬ್ಲಾಗುಗಳೂ ಇ-ಪತ್ರಿಕೆಗಳೂ ಇಷ್ಟು ಬೆಳೆಯುತ್ತಿರಲಿಲ್ಲ. ಆದರೂ ಆರಂಭದ ವರ್ಷಗಳಲ್ಲಿ ಇವು ನೆಚ್ಚಿಕೊಂಡಿದ್ದು ಅದೇ ಫಾಂಟು ಆಧಾರಿತ ಪದ್ಧತಿಯನ್ನು.

ಅದರ ಪರಿಣಾಮವನ್ನು ಒಂದೇ ಪದದಲ್ಲಿ ನೋಡಬಹುದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದವನ್ನು ಆ ಫಾಂಟು ಇಲ್ಲದ ಮೊಬೈಲಿನಲ್ಲಿ ತೆರೆದರೆ ಕಾಣುವುದು ಏಳು ಗುರುತುಗಳು: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟು ಎಳೆದ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಗೀಟಿನ ಎ. ಪೌಂಡ್ ಚಿಹ್ನೆ ಮತ್ತು ಗೀಟಿನ ಎ ಸೇರಿ ‘ನ’, ಜರ್ಮನ್ ಎಸ್ ಅದರ ಒತ್ತು. ಯುನಿಕೋಡಿನಲ್ಲಿ ಇದೇ ಪದ ಕ, ನ, ವಿರಾಮ, ನ, ಡ ಎಂಬ ಐದು ಸಂಕೇತಗಳಾಗಿ ಇರುತ್ತದೆ. ಯಾವ ಯಂತ್ರದಲ್ಲಿ ತೆರೆದರೂ ಕನ್ನಡವೇ, ಹುಡುಕಿದರೆ ಸಿಗುವುದೂ ಕನ್ನಡವೇ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯುನಿಕೋಡ್ ಫಾಂಟಿನೊಂದಿಗೆ ಬಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಯುನಿಕೋಡಿನಲ್ಲೇ ಆರಂಭವಾಯಿತು. ಆದರೆ ಪತ್ರಿಕಾ ಕಚೇರಿ, ಮುದ್ರಣಾಲಯಗಳು ಅಷ್ಟು ಬೇಗ ಬದಲಾಗಲಿಲ್ಲ.

1990ರ ದಶಕದ ಕೊನೆಯಲ್ಲಿ ಕನ್ನಡ ತಾಣಗಳು ಓದುಗರಿಗೆ ಮೊದಲು ಫಾಂಟ್ ಇಳಿಸಿಕೊಳ್ಳಲು ಹೇಳುತ್ತಿದ್ದವು, ಇಲ್ಲವೇ ಪುಟದ ಜೊತೆಗೇ ಫಾಂಟು ಹರಿದುಬರುವ ಡೈನಮಿಕ್ ಫಾಂಟ್ ತಂತ್ರ ಬಳಸುತ್ತಿದ್ದವು. ಆ ತಂತ್ರವನ್ನು ಇಂದಿನ ಬ್ರೌಸರುಗಳು ಒಪ್ಪುವುದಿಲ್ಲ. ಹೀಗಾಗಿ 1985ರ ಕನ್ನಡ ವಾರಪತ್ರಿಕೆಯ ಪುಟವನ್ನು ಇವತ್ತು ಯಾರು ಬೇಕಾದರೂ ಓದಬಹುದು. 1999ರ ಕನ್ನಡ ಜಾಲಪುಟವನ್ನು ಓದಲು ಪರಿಣತರ ನೆರವು ಬೇಕು. ಹಳೆಯದು ಕಾಗದದಲ್ಲಿ ಉಳಿದು, ಹೊಸದು ಕೈತಪ್ಪಿದ ಈ ವಿಪರ್ಯಾಸಕ್ಕೆ ತಂತ್ರಜ್ಞಾನದ ದೋಷ ಕಾರಣವಲ್ಲ. ಒಂದು ಮಾನಕವನ್ನು ಎಲ್ಲರೂ ಒಪ್ಪಿ ನಡೆಯಲು ತಡಮಾಡಿದ್ದರ ಬೆಲೆ ಇದು.

ಹಳೆಯ ನಿಯತಕಾಲಿಕಗಳು ಡಿಜಿಟಲ್ ರೂಪದಲ್ಲಿ ಓದುವ ಯೋಗ್ಯತೆ ಪಡೆಯುವುದು ಹೇಗೆ ಎಂಬುದಕ್ಕೆ ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ನಿದರ್ಶನವಿದೆ: ಒಂದು ಶಾಸನ, ಅದನ್ನು ಅಚ್ಚು ಹಾಕಿದ ಒಂದು ಪತ್ರಿಕೆ. ಬಾದಾಮಿ ಹತ್ತಿರದ ಮಹಾಕೂಟ ಚಾಲುಕ್ಯರ ಕಾಲದ ಗುಡಿಗಳ ಗುಂಪು. ಮಹಾಕೂಟೇಶ್ವರ, ಮಲ್ಲಿಕಾರ್ಜುನ, ಸಂಗಮೇಶ್ವರ ಗುಡಿಗಳ ನಡುವೆ ಬತ್ತದ ಸೆಲೆಯ ವಿಷ್ಣು ಪುಷ್ಕರಣಿ. ಇಲ್ಲಿ ಚಾಲುಕ್ಯ ದೊರೆ ಮಂಗಲೇಶನ ಆಳ್ವಿಕೆಯ ಐದನೆಯ ವರ್ಷದಲ್ಲಿ, ವಿದ್ವಾಂಸರ ಲೆಕ್ಕದಂತೆ ಕ್ರಿ.ಶ. 602ರಲ್ಲಿ, ನಿಲ್ಲಿಸಿದ ಧರ್ಮಜಯಸ್ತಂಭವಿತ್ತು. ಅದರ ಮೇಲಿನ ಸಂಸ್ಕೃತ ಶಾಸನ ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಮಕುಟೇಶ್ವರನಾಥನಿಗೆ ಹತ್ತು ಊರುಗಳನ್ನು ಕೊಟ್ಟದ್ದನ್ನು ಹೇಳುತ್ತದೆ. ಕೀರ್ತಿವರ್ಮನ ದಿಗ್ವಿಜಯಗಳು, ಕಲಚುರಿ ದೊರೆ ಬುದ್ಧರಾಜನನ್ನು ಮಂಗಲೇಶ ಸೋಲಿಸಿದ್ದು ಇವೂ ಅದರಲ್ಲಿವೆ. ಬಾದಾಮಿ ಚಾಲುಕ್ಯರ ಆರಂಭ ಕಾಲದ ಚರಿತ್ರೆಯಲ್ಲಿ ಈ ಕಂಬದ ಸಾಕ್ಷ್ಯ ಬಿಟ್ಟರೆ ಖಾಲಿ ಉಳಿಯುವ ಜಾಗಗಳು ಹಲವು. ಕಂಬ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ.

ಈ ಶಾಸನ ವಿದ್ವತ್ ಲೋಕಕ್ಕೆ ತಲುಪಿದ್ದು ಒಂದು ನಿಯತಕಾಲಿಕದ ಮೂಲಕ. ಜೇಮ್ಸ್ ಬರ್ಜೆಸ್ 1872ರಲ್ಲಿ ಮುಂಬೈಯಲ್ಲಿ ಆರಂಭಿಸಿದ ‘ಇಂಡಿಯನ್ ಆಂಟಿಕ್ವರಿ’ಯ 19ನೆಯ ಸಂಪುಟದಲ್ಲಿ, 1890ರಲ್ಲಿ, ಶಾಸನತಜ್ಞ ಜೆ.ಎಫ್. ಫ್ಲೀಟ್ ಇದರ ಪಾಠ ಮತ್ತು ಅನುವಾದ ಪ್ರಕಟಿಸಿದರು. ಮಹಾಕೂಟದ ಇನ್ನೊಂದು ಪ್ರಸಿದ್ಧ ಶಾಸನ ಕನ್ನಡದ್ದು: ಚಾಲುಕ್ಯ ದೊರೆ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಅರ್ಪಿಸಿದ್ದನ್ನು ತಿಳಿಸುವಂಥದು. ಅದೂ ಬೆಳಕು ಕಂಡದ್ದು ಅದೇ ಪತ್ರಿಕೆಯಲ್ಲಿ. ಒಂದು ತಲೆಮಾರಿನ ಹಿಂದೆ ಬಾದಾಮಿಯ ವಿದ್ಯಾರ್ಥಿಗೆ ಈ ಸಂಪುಟಗಳು ಬೇಕಾದರೆ ನೂರು ಕಿಲೋಮೀಟರಿಗೂ ದೂರದ ಧಾರವಾಡದಂಥ ವಿಶ್ವವಿದ್ಯಾಲಯದ ಊರಿಗೆ ಹೋಗಬೇಕಿತ್ತು. ಇಂದು ಮಹಾಕೂಟದ ಹೊಂಡದ ಪಾವಟಿಗೆಯ ಮೇಲೆ ಕುಳಿತು ಮೊಬೈಲಿನಲ್ಲಿ ಅದೇ ಪುಟ ತೆರೆಯಬಹುದು.

ಇದು ಸಾಧ್ಯವಾದ ಬಗೆಯಲ್ಲೂ ಕರ್ನಾಟಕದ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯ ಒಂದು ಕೇಂದ್ರವಾಗಿ ಲಕ್ಷಗಟ್ಟಲೆ ಹಳೆಯ ಪುಸ್ತಕ, ಪತ್ರಿಕೆಗಳ ಸ್ಕ್ಯಾನಿಗೆ ನೆಲೆಯಾಯಿತು. ಆ ತಾಣ ಮುಚ್ಚಿದ ಮೇಲೂ ಅದರ ಪ್ರತಿಗಳು ಇಂಟರ್‌ನೆಟ್ ಆರ್ಕೈವಿನಲ್ಲಿ ಉಳಿದವು. 1996ರಲ್ಲಿ ಬ್ರೂಸ್ಟರ್ ಕಾಲ್ ಸ್ಥಾಪಿಸಿದ ಈ ಆರ್ಕೈವು ಕಂಪ್ಯೂಟರ್ ಪತ್ರಿಕೆಗಳಿಗೆಂದೇ ಪ್ರತ್ಯೇಕ ಸಂಗ್ರಹ ಇಟ್ಟುಕೊಂಡಿದೆ. ‘ಬೈಟ್’ನ ಹಳೆಯ ಸಂಚಿಕೆಗಳೂ ಅಲ್ಲಿವೆ. ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ತಂಡದ ಸ್ವಯಂಸೇವಕರು ಕನ್ನಡದ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಅಲ್ಲಿಗೇ ಸೇರಿಸುತ್ತಿದ್ದಾರೆ.

ಆದರೆ ಪುಟದ ಚಿತ್ರ ಸಿಕ್ಕಿದ ಮಾತ್ರಕ್ಕೆ ಓದು ಮುಗಿಯುವುದಿಲ್ಲ. ಫ್ಲೀಟ್ ಕಾಲದ ಮುದ್ರಣದಲ್ಲಿ ‘ಮಹಾಕೂಟ’ ಎಂಬ ಹೆಸರಿನ ದೀರ್ಘಗಳಿಗೆ ಟೋಪಿಯಂಥ ಗುರುತು, ಮೂರ್ಧನ್ಯಕ್ಕೆ ಅಡಿಚುಕ್ಕೆ. ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶ ಇಂಥ ಗುರುತುಗಳಲ್ಲಿ ಎಡವುತ್ತದೆ. ಹೀಗಾಗಿ ಊರಿನ ಹೆಸರು ಕೊಟ್ಟು ಹುಡುಕಿದರೆ ಆ ಊರಿನ ಮೇಲೇ ಬರೆದ ಲೇಖನ ಸಿಗದೆ ಹೋಗಬಹುದು. ಸಂಪುಟ, ಪುಟದ ಸಂಖ್ಯೆ ತಿಳಿದಿದ್ದರೆ ಮಾತ್ರ ದಾರಿ. ಅವಸರದಲ್ಲಿ ಸ್ಕ್ಯಾನ್ ಮಾಡಿದ ಪ್ರತಿಗಳಲ್ಲಿ ಮಡಚಿದ ಅಚ್ಚುಪಟಗಳನ್ನು ಬಿಡಿಸದೆ ಹಾಗೇ ಬಿಟ್ಟಿರುವುದೂ ಉಂಟು. ಶಾಸನ ಓದುವವರಿಗೆ ಪಟವೇ ಮುಖ್ಯ. ಅದಿಲ್ಲದ ಪ್ರತಿ ಅರ್ಧ ಪ್ರತಿ.

ಕಂಪ್ಯೂಟರ್ ಪತ್ರಿಕೆಗಳ ಡಿಜಿಟಲ್ ಪ್ರತಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಲ್ಲಿ ಅಚ್ಚುಪಟದ ಜಾಗದಲ್ಲಿ ಸಿಡಿ ಇದೆ. ಸಿಡಿಯಿಲ್ಲದ ‘ಪಿಸಿ ಕ್ವೆಸ್ಟ್’ ಸಂಚಿಕೆಯಲ್ಲಿ ತಂತ್ರಾಂಶ ಅಳವಡಿಸುವ ಸೂಚನೆಗಳಿರುತ್ತವೆ, ಅಳವಡಿಸಬೇಕಾದ ವಸ್ತುವೇ ಇರುವುದಿಲ್ಲ. ಓಸಿಆರ್ ದೋಷವೂ ಇಲ್ಲಿ ಇನ್ನಷ್ಟು ತೊಡಕಿನದು. ಲೇಖನದಲ್ಲಿ ಒಂದಕ್ಷರ ತಪ್ಪಿದರೆ ಓದುಗ ಊಹಿಸಿಕೊಳ್ಳುತ್ತಾನೆ. ಪ್ರೋಗ್ರಾಮಿನಲ್ಲಿ ಸೊನ್ನೆ ಇರಬೇಕಾದಲ್ಲಿ ಇಂಗ್ಲಿಷಿನ ಓ ಬಂದರೆ, ಒಂದು ಎಂಬ ಅಂಕಿಯ ಜಾಗಕ್ಕೆ ಎಲ್ ಬಂದರೆ ಯಂತ್ರ ಕೆಲಸ ನಿಲ್ಲಿಸುತ್ತದೆ. ಹಾಗಾಗಿ ಅಂಥ ಪುಟಗಳನ್ನು ಚಿತ್ರ ನೋಡಿಕೊಂಡೇ ತಾಳೆ ಮಾಡಬೇಕು. ಕಾಗದಕ್ಕೆ ಇಲ್ಲದ ಒಂದು ಅನುಕೂಲ ಮಾತ್ರ ಪರದೆಗೆ ಇದೆ: ಹಳೆಯ ಯಂತ್ರಗಳಂತೆಯೇ ವರ್ತಿಸುವ ಎಮ್ಯುಲೇಟರುಗಳು ಈಗ ಬ್ರೌಸರಿನಲ್ಲೇ ಓಡುತ್ತವೆ. 1980ರ ದಶಕದ ಪತ್ರಿಕೆಯ ಬೇಸಿಕ್ ಪ್ರೋಗ್ರಾಮನ್ನು ಒಂದು ಕಿಟಕಿಯಲ್ಲಿ ಓದಿ, ಪಕ್ಕದ ಕಿಟಕಿಯಲ್ಲಿ ನಡೆಸಿ ನೋಡಬಹುದು. ಬರಿಯ ಕಾಗದದ ಪ್ರತಿ ಇದ್ದವರಿಗೆ ಆ ಯಂತ್ರವನ್ನೇ ಹುಡುಕಿ ತರಬೇಕಾಗುತ್ತಿತ್ತು.

ಈ ಹಳೆಯ ಕಂಪ್ಯೂಟರ್ ಪತ್ರಿಕೆಗಳಲ್ಲಿ ಯಾವುದು ಇಂದಿಗೂ ಓದತಕ್ಕದ್ದು? ಸುದ್ದಿ ಮತ್ತು ಕೊಳ್ಳುವವರಿಗೆ ಸಲಹೆ ಎಂಬ ಭಾಗಗಳು ಪ್ರಕಟವಾದ ಆರು ತಿಂಗಳಲ್ಲೇ ಹಳಸಿದವು. ಯಾವ ಪ್ರಿಂಟರ್ ಒಳ್ಳೆಯದೆಂದು 1994ರ ಸಂಚಿಕೆಯನ್ನು ಕೇಳುವವರಿಲ್ಲ. ಮೂಲ ತತ್ವಗಳನ್ನು ವಿವರಿಸಿದ ಲೇಖನಗಳ ಕಥೆ ಬೇರೆ. 1981ರ ಆಗಸ್ಟಿನ ‘ಬೈಟ್’ ಸಂಚಿಕೆ ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಮೀಸಲು. ಇಂದು ಹಲವು ಭಾಷೆಗಳಲ್ಲಿ ಹಾಸುಹೊಕ್ಕಾಗಿರುವ ವಿಚಾರಗಳನ್ನು ಅವುಗಳ ಕರ್ತೃಗಳೇ ಮೊದಲ ಬಾರಿಗೆ ಸಾಮಾನ್ಯ ಓದುಗರಿಗೆ ಬಿಡಿಸಿ ಹೇಳಿದ ಸಂಚಿಕೆ ಅದು. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗೆ ಅದು ಈಗಲೂ ಪಾಠವೇ. ನೆನಪಿನ ಕೋಶ ಕಿಲೋಬೈಟುಗಳಲ್ಲಿದ್ದಾಗ ಕೆಲಸ ಹೇಗೆ ಸಾಧಿಸಿದರೆಂಬುದನ್ನು ಓದಿದವರು ಇಂದಿನ ಯಂತ್ರಗಳ ಶಕ್ತಿಯನ್ನು ಮಿತವಾಗಿ ಬಳಸಲು ಕಲಿಯುತ್ತ ಹೋಗುತ್ತಾರೆ.

ಚರಿತ್ರೆಕಾರರಿಗೆ ಲೇಖನಗಳಿಗಿಂತ ಜಾಹೀರಾತು, ಓದುಗರ ಪತ್ರ, ಬೆಲೆಪಟ್ಟಿಗಳೇ ಹೆಚ್ಚು ಹೇಳುತ್ತವೆ. ಭಾರತದ ಪತ್ರಿಕೆಗಳಲ್ಲಿ ಯುಪಿಎಸ್, ವೋಲ್ಟೇಜ್ ಸ್ಟೆಬಿಲೈಜರುಗಳ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಇಲ್ಲಿನ ವಿದ್ಯುತ್ತಿನ ಸ್ಥಿತಿಗೆ ಅದಕ್ಕಿಂತ ನೇರವಾದ ದಾಖಲೆ ಬೇಕಿಲ್ಲ. 1998–99ರ ಸಂಚಿಕೆಗಳ ತುಂಬ ವೈಟುಕೆ. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಮುಗಳು 2000 ಬಂದಾಗ ಕೆಡುತ್ತವೆಂಬ ಭಯ, ಅದನ್ನು ಸರಿಪಡಿಸುವ ಕೆಲಸದಿಂದ ಬೆಂಗಳೂರಿನ ಕಂಪನಿಗಳಿಗೆ ತೆರೆದ ಅವಕಾಶ, ಕೋಬಾಲ್ ಕಲಿಸುವ ತರಬೇತಿ ಕೇಂದ್ರಗಳ ಪ್ರಚಾರ ಎಲ್ಲವೂ ಆ ಕಾಲದ ಮಾತಿನಲ್ಲೇ ಸಿಗುತ್ತವೆ. ಮುಂದೆ ಬರೆದ ಪುಸ್ತಕಗಳಲ್ಲಿ ಗೆದ್ದವರ ಕಥೆ ಮಾತ್ರ ಇರುತ್ತದೆ; ಪತ್ರಿಕೆಯಲ್ಲಿ ಸೋತ ಯಂತ್ರಗಳು, ಮುಚ್ಚಿಹೋದ ಕಂಪನಿಗಳು, ಫಲಿಸದ ಭವಿಷ್ಯವಾಣಿಗಳೂ ಇವೆ. 2001ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಎಂಬ ಅಗ್ಗದ ಕೈಗಣಕದ ಬಗ್ಗೆ ಆಗ ಎಂಥ ನಿರೀಕ್ಷೆಯಿತ್ತೆಂದು ಅಂದಿನ ಸಂಚಿಕೆಗಳನ್ನು ತೆರೆದವರಿಗೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಜಾಹೀರಾತು ಕಿತ್ತು ಲೇಖನವನ್ನಷ್ಟೇ ಉಳಿಸಿದ ಜಾಲಪುಟಕ್ಕಿಂತ, ಮುಖಪುಟದಿಂದ ಹಿಂಬದಿಯವರೆಗೆ ಇಡಿಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ಎಷ್ಟೋ ಮೇಲು. ಮೂರು ಕಂಬಸಾಲಿನ ದೊಡ್ಡ ಪುಟವನ್ನು ಮೊಬೈಲಿನ ಪರದೆಯಲ್ಲಿ ಸರಿಸಿ ಸರಿಸಿ ಓದುವುದು ಕಷ್ಟ, ನಿಜ. ಟ್ಯಾಬ್ಲೆಟ್ಟಿನಲ್ಲಿ ಆ ಕಷ್ಟವಿಲ್ಲ.

ಈಗ ನಡೆಯುತ್ತಿರುವ ಪತ್ರಿಕೆಗಳ ಡಿಜಿಟಲ್ ಚಂದಾದಾರರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಆ್ಯಪಿನೊಳಗೆ ಮಾತ್ರ ತೆರೆಯುವ ಸಂಚಿಕೆ ಓದುಗನ ಸ್ವಂತದ್ದಲ್ಲ, ಅಂಗಡಿ ಇರುವವರೆಗಿನ ಎರವಲು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಗ್ರಾಹಕರು ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕಗಳೂ ಅವರ ಯಂತ್ರಗಳಿಂದ ಮಾಯವಾದವು. ಹಣ ಹಿಂದಿರುಗಿತು, ಪುಸ್ತಕ ಹಿಂದಿರುಗಲಿಲ್ಲ. ಇಳಿಸಿಕೊಳ್ಳಲು ಬಿಡುವ ಪಿಡಿಎಫ್ ಕೊಡುವ ಪತ್ರಿಕೆಗೆ ಚಂದಾ ಕಟ್ಟುವುದೇ ಲೇಸು.

ಹಳೆಯ ಪತ್ರಿಕೆಗಳನ್ನು ಉಳಿಸಿಕೊಳ್ಳಲು ಕಾನೂನಿನಲ್ಲಿ ದಾರಿ ಇಲ್ಲದೆ ಇಲ್ಲ. 1954ರ ಪುಸ್ತಕ ಮತ್ತು ವೃತ್ತಪತ್ರಿಕೆಗಳ ಸಲ್ಲಿಕೆ ಕಾಯಿದೆಯಂತೆ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಗೊತ್ತುಪಡಿಸಿದ ಇತರ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಅದು ಕಾಗದದ ಕಾಲಕ್ಕೆ ಮಾಡಿದ ಕಾಯಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯಗಳು ತಮ್ಮಲ್ಲಿ ಕಾಗದದ ಪ್ರತಿಯಿದ್ದರೆ ಅದನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಬಾಗಲಕೋಟೆ, ಹುಬ್ಬಳ್ಳಿ, ಕಲಬುರ್ಗಿಯಂಥ ಊರುಗಳ ಇಂಜಿನಿಯರಿಂಗ್ ಕಾಲೇಜುಗಳು, ಜಿಲ್ಲಾ ಗ್ರಂಥಾಲಯಗಳು ತಮ್ಮ ಹಳೆಯ ಬೈಂಡುಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ನೋಡಬೇಕಾದ ಕಲಮು ಇದು.

ಮನೆಗಳಲ್ಲೂ ಇಂಥ ಸಂಗ್ರಹಗಳಿವೆ. ಅಟ್ಟದ ಮೇಲೆ ‘ಪಿಸಿ ಕ್ವೆಸ್ಟ್’, ‘ಡಿಜಿಟ್’, ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಸಂಚಿಕೆಗಳನ್ನು ಇಟ್ಟುಕೊಂಡವರು ಅವನ್ನು ತೂಕಕ್ಕೆ ಹಾಕದೆ ಹತ್ತಿರದ ಗ್ರಂಥಾಲಯಕ್ಕೋ ಸ್ಕ್ಯಾನ್ ಮಾಡುವ ತಂಡಕ್ಕೋ ತಲುಪಿಸಬೇಕು. ಸಿಡಿಯಿದ್ದರೆ ಪದರ ಕಿತ್ತುಹೋಗುವ ಮೊದಲೇ ಅದರ ಪೂರ್ಣ ಪ್ರತಿ ತೆಗೆದು ಸಂಚಿಕೆಯ ಜೊತೆಗೇ ಇಡಬೇಕು. ಕನ್ನಡ ಅಂಕಣಗಳ ಕತ್ತರಿಕೆ ಇಟ್ಟವರು ಪ್ರತಿಯೊಂದರ ಮೇಲೂ ಪತ್ರಿಕೆಯ ಹೆಸರು, ತಾರೀಖು ಬರೆದಿಡಬೇಕು. ಅವಿಲ್ಲದ ಕತ್ತರಿಕೆ ಸಂಶೋಧಕರಿಗೆ ಉಪಯೋಗಕ್ಕೆ ಬಾರದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಡತ ಇಟ್ಟುಕೊಂಡಿರುವ ಬರಹಗಾರರಿಗೆ, ಸಂಪಾದಕರಿಗೆ ಪರಿವರ್ತಕ ತಂತ್ರಾಂಶಗಳು ಈಗ ಉಚಿತವಾಗಿ ಸಿಗುತ್ತವೆ. ಅವರು ಆ ಕಡತಗಳನ್ನು ಈ ವರ್ಷವೇ ಯುನಿಕೋಡಿಗೆ ತರಬೇಕು.